ನಿಂತವಳ ಅಳತೆಗೆ ಹೊಲಿದ ಕಿಸೆ

ರಿಯಾದ್
ಶುಕ್ರವಾರ, 28 ಮಾರ್ಚ್ 2014

ನನ್ನ ಮುದ್ದಿನ ಸಬೀನಾ,

ಅಸ್ಸಲಾಮು ಅಲೈಕುಂ. ದಿನಾ ಫೋನಿನಲ್ಲಿ ನಿನ್ನ ತಲೆ ತಿನ್ನುವ ಉಮ್ಮ ಈಗ ಕಾಗದ ಬರೆಯಲು ಕುಳಿತಿದ್ದಾಳೆ ಎಂದರೆ ಏನೋ ಎಡವಟ್ಟಾಗಿದೆ ಎಂದು ನಿನಗೆ ಅಂದಾಜಾಗಿರಬೇಕು. ಫೋನಿನಲ್ಲೇ ಹೇಳೋಣವೆಂದರೆ ಈ ಕೋಣೆಯಲ್ಲಿ ನಾವು ಆರು ಹೆಂಗಸರು, ಹನ್ನೆರಡು ಕಿವಿ. ಮತ್ತೆ ನೀನು ಆ ಕಡೆಯಿಂದ ಒಮ್ಮೆ ಮೂಗು ಎಳೆದರೆ ಸಾಕು, ನನ್ನ ಧೈರ್ಯವೆಲ್ಲ ಅಲ್ಲಿಗೇ ಮುಗಿಯುತ್ತದೆ. ನಮ್ಮ ಹೊಲಿಗೆ ಅಂಗಡಿಯ ಗೇಟು ಕಾಯುವ ಪೊಡಿಯಬ್ಬ ಕಾಕ ಭಾನುವಾರ ಊರಿಗೆ ಹೊರಡುತ್ತಾರೆ. ಅವರ ಕೈಯಲ್ಲಿ ಇದನ್ನು ಕೊಟ್ಟು ಕಳಿಸುತ್ತೇನೆ.

ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಏಪ್ರಿಲ್ ಹದಿಮೂರರ ನಿನ್ನ ನಿಕಾಹ್‌ಗೆ ನಾನು ಬರುವುದಿಲ್ಲ. ಪಾಸ್‌ಪೋರ್ಟ್ ಕೈಗೆ ಬಂದಿದೆ, ರಜೆಯ ವೀಸಾ ಆಗಿದೆ, ಗುರುವಾರದ ಟಿಕೆಟ್ ದಿಂಬಿನಡಿ ಇದೆ. ಆದರೂ ಬರುವುದಿಲ್ಲ. ನಾನು ಹೊಲಿದ ಒಂದು ಕಿಸೆಯಿಂದಾಗಿ ಒಬ್ಬ ಮನುಷ್ಯ ಜೈಲಿನಲ್ಲಿ ಕೂತಿದ್ದಾನೆ. ನಾನು ಬಾಯಿ ಬಿಟ್ಟರೆ ಅವನು ಹೊರಗೆ ಬಂದಾನು, ಆದರೆ ನನ್ನ ಪಾಸ್‌ಪೋರ್ಟ್ ಪೊಲೀಸರ ಮೇಜಿನ ಮೇಲೇ ಉಳಿಯುತ್ತದೆ. ಆಮೇಲೆ ನನ್ನನ್ನು ಊರಿಗೆ ಬಿಡುತ್ತಾರೋ, ಅವನ ಪಕ್ಕದಲ್ಲೇ ಕೂರಿಸುತ್ತಾರೋ, ಅದು ಅಲ್ಲಾಹನಿಗೇ ಗೊತ್ತು.

ಮುನೀರಾ ಟೀಚರ್ ವಿಷಯ ನಿನಗೆ ಹೇಳಿದ್ದೆನಲ್ಲ, ನಿನ್ನ ಮದುವೆಗೆಂದು ಅತ್ತರ್ ಬಾಟಲಿ ಕೊಟ್ಟವಳು. ಇಲ್ಲಿಯವಳೇ, ಹುಡುಗಿಯರ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ತಲಾಖ್ ಆಗಿ ಎರಡು ವರ್ಷ. ಆದರೆ ಆ ಗಂಡಸು ಬಿಟ್ಟೂ ಬಿಡದವನು. ಬೆಳಿಗ್ಗೆ ಶಾಲೆಯ ಗೇಟಿನ ಎದುರು ಕಾರು ನಿಲ್ಲಿಸಿ ಕಾಯುತ್ತಾನೆ, ಮಧ್ಯಾಹ್ನ ಮನೆಯವರೆಗೆ ಹಿಂದೆ ಬರುತ್ತಾನೆ. ಡಿಸೆಂಬರಿನಲ್ಲಿ ಅವಳ ಕೈ ಹಿಡಿದು ತಿರುಚಿದ, ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿದ ಕೈಗೆ ಹೊಂದುವ ಹಾಗೆ ಮೈತುಂಬ ತೊಡುವ ಕರಿ ಅಬಾಯದ ತೋಳು ಅಗಲ ಮಾಡಿಕೊಟ್ಟದ್ದು ನಾನೇ. ಅಣ್ಣನಿಗೆ ಹೇಳಿದರೆ ಮಾನ ಹೋಗುತ್ತದೆ, ಸುಮ್ಮನಿರು ಅಂದನಂತೆ. ಈ ಮಾನ ಅನ್ನುವುದು ಇಲ್ಲೂ ಒಂದೇ, ನಮ್ಮಲ್ಲೂ ಒಂದೇ, ಯಾವಾಗಲೂ ಹೆಂಗಸಿನ ಮೈಮೇಲೆಯೇ ಬೀಳುವುದು!

ಫೆಬ್ರವರಿಯಲ್ಲಿ ಒಂದು ದಿನ ಸಂಜೆಯ ಅಸರ್ ನಮಾಜಿಗೆ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಬಂದಳು. ಕೈಯಲ್ಲಿ ಖರ್ಜೂರದ ತಗಡಿನ ಡಬ್ಬಿ. ಟ್ರಯಲ್ ರೂಮಿನ ಚಿಲಕ ಹಾಕಿ ಮುಚ್ಚಳ ತೆಗೆದಳು. ಒಳಗೆ ಮೂರು ಪಿಸ್ತೂಲು, ಮೂರನ್ನೂ ಮಕ್ಕಳ ಬನಿಯನಿನಲ್ಲಿ ಸುತ್ತಿದ್ದಳು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ತೀರಿಹೋದ ನನ್ನ ಬಾಪನ ಕಪಾಟಿನವು, ಗುಂಡು ತೆಗೆದಿದ್ದೇನೆ, ಹೆದರಬೇಡ ಅಂದಳು. ದಿನಾ ಮೈಮೇಲೆ ಇಟ್ಟುಕೊಳ್ಳಬೇಕು, ಯಾರಿಗೂ ಕಾಣಬಾರದು, ಮಕ್ಕಳ ಮುಂದೆ ಬೋರ್ಡಿನಲ್ಲಿ ಬರೆಯುವಾಗಲೂ ಗೊತ್ತಾಗಬಾರದು, ಯಾವುದು ಸರಿಯಾಗುತ್ತದೆ ಅಂತ ನೀನೇ ನೋಡಿ ಹೇಳು, ನಿನಗೆ ಬಟ್ಟೆ ಗೊತ್ತು ಅಂದಳು.

ಆಗಲೇ ಇಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಅವಳ ಮಣಿಕಟ್ಟು ಇನ್ನೂ ಸೊಟ್ಟಗಿತ್ತು ಮಗಳೇ.

ಮತ್ತೆ ಇನ್ನೊಂದು ನಿಜ ಹೇಳುತ್ತೇನೆ, ನನಗೆ ಸ್ವಲ್ಪ ಜಂಬವೂ ಬಂತು. ಒಂಬತ್ತು ವರ್ಷದಲ್ಲಿ ಯಾರೂ ನನ್ನನ್ನು ಇಷ್ಟು ದೊಡ್ಡ ವಿಷಯ ಕೇಳಿರಲಿಲ್ಲ. ಮೊದಲನೆಯದನ್ನು ಅಬಾಯದ ಒಳಗೆ ಪಿನ್ನು ಹಾಕಿ ತೂಗಿಸಿ ನೋಡಿದೆ. ಕಪ್ಪಗೆ, ಭಾರ. ಒಂದು ಭುಜ ಕೆಳಗೆ ಜಗ್ಗಿ, ಸೊಂಟದಲ್ಲಿ ಕೊಡ ಇಟ್ಟುಕೊಂಡವಳ ಹಾಗೆ ಕಂಡಳು. ಎರಡನೆಯದು ಗಿಡ್ಡ, ನಡುವಿನಲ್ಲಿ ಗುಂಡು ತುಂಬುವ ಉರುಟು ಗಾಲಿ. ಆ ಗಾಲಿ ಬಟ್ಟೆಯ ಮೇಲೆ ಉಬ್ಬಿ ಕಾಣುತ್ತಿತ್ತು, ಹಿಂದಿನ ಕೊಕ್ಕೆ ಅಸ್ತರಿನ ನೂಲಿಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಮೂರನೆಯದು ಅಂಗೈಯಷ್ಟೇ, ಚಪ್ಪಟೆ, ಎಲ್ಲೂ ಚೂಪಿಲ್ಲ, ಹಗುರ. ಎಡಗಡೆಯ ಹೊಲಿಗೆಗೆ ಸೇರಿಸಿ, ಒಳಗೆ ಕ್ಯಾನ್ವಾಸ್ ಕೊಟ್ಟು ಹಿಡಿದೆ. ನಡೆ ಅಂದೆ, ನಡೆದಳು. ಬಗ್ಗು ಅಂದೆ, ಬಗ್ಗಿದಳು. ಬೋರ್ಡಿನಲ್ಲಿ ಬರೆಯುವವಳ ಹಾಗೆ ಕೈ ಎತ್ತಿದಳು. ಬಟ್ಟೆಯಲ್ಲಿ ಒಂದು ಸುಕ್ಕು ಇಲ್ಲ.

ಅವಳಿಗೆ ಎರಡನೆಯದರ ಮೇಲೆ ಮನಸ್ಸಿತ್ತು. ಚಿಕ್ಕವಳಿರುವಾಗ ಬಾಪ ಅದನ್ನು ಹಿಡಿಯಲು ಕಲಿಸಿದ್ದರಂತೆ. ನಾನೇ ಹಟ ಮಾಡಿ ಮೂರನೆಯದನ್ನು ಒಪ್ಪಿಸಿದೆ. ಟೈಲರ್ ಅಲ್ಲವಾ, ನನಗೆ ಬೇಕಾದದ್ದು ಬಟ್ಟೆ ಚೆಂದ ಇಳಿಯಬೇಕು ಅಷ್ಟೇ. ಆಯ್ಕೆ ನನ್ನದೇ ಸಬೀನಾ. ಯಾರು ಕೇಳಿದರೂ ನನ್ನದೇ.

ನಮ್ಮ ಟ್ರಯಲ್ ರೂಮಿನಲ್ಲಿ ಕುರ್ಚಿ ಇಲ್ಲ. ಹದಿನಾರನೇ ವಯಸ್ಸಿನಿಂದ ನಾನು ಹೆಂಗಸರ ಅಳತೆ ತೆಗೆದದ್ದು ನಿಲ್ಲಿಸಿಯೇ. ನೆಟ್ಟಗೆ ನಿಲ್ಲಿ, ಉಸಿರು ಬಿಡಿ, ಆಯ್ತು. ಈ ಊರಿನಲ್ಲಿ ಹೆಂಗಸರಿಗೆ ಕಾರು ಓಡಿಸಲಿಕ್ಕಿಲ್ಲ, ದಿನಕ್ಕೆ ಎರಡು ಗಂಟೆ ಹಿಂದಿನ ಸೀಟಿನಲ್ಲಿ ಕೂರುತ್ತಾರೆ ಎಂದು ನನಗೆ ಗೊತ್ತಿಲ್ಲವಾ? ಗೊತ್ತಿತ್ತು. ಆದರೆ ಅವಳನ್ನು ಒಮ್ಮೆ ಕೂರಿಸಿ ನೋಡಬೇಕೆಂದು ಈ ಹಾಳು ಮಂಡೆಗೆ ಹೊಳೆಯಲಿಲ್ಲ. ನಿಂತರೆ ಕಿಸೆಯ ಬಾಯಿ ಮೇಲೆ. ಕೂತರೆ ಕಿಸೆ ಅಡ್ಡ ಮಲಗುತ್ತದೆ, ಬಾಯಿ ಸೀಟಿನ ಕಡೆಗೆ. ಅಬಾಯದ ಬಟ್ಟೆ ಎಣ್ಣೆ ಸವರಿದ ಹಾಗೆ ಜಾರುವಂಥದ್ದು. ಭಾರದ್ದಾಗಿದ್ದರೆ ಜಾರುವಾಗ ಅವಳಿಗೆ ಗೊತ್ತಾಗುತ್ತಿತ್ತು. ನಾನು ಆರಿಸಿದ್ದು ಗೊತ್ತೇ ಆಗದಷ್ಟು ಹಗುರದ್ದು.

ಮಾರ್ಚ್ ಹದಿನೇಳು, ಸೋಮವಾರ. ಅವಳು ಶಾಲೆಯ ಹತ್ತಿರ ಇಳಿದಳು. ಪಿಸ್ತೂಲು ಸೀಟಿನ ಸಂದಿಯಲ್ಲಿ ಉಳಿಯಿತು. ಅವಳ ಡ್ರೈವರ್ ಇಲ್ಯಾಸ್ ಕಾರು ತೊಳೆಸಲು ಹೋಗುತ್ತಿದ್ದ, ದಾರಿಯಲ್ಲಿ ಪೊಲೀಸ್ ತಪಾಸಣೆ. ಇಲ್ಯಾಸ್ ನಮ್ಮ ಕೈಕಂಬದ ಹುಡುಗ, ಮದುವೆಯಾಗಿ ಮೂರು ವರ್ಷ, ಮಗಳ ಮುಖವನ್ನು ಫೋನಿನಲ್ಲಿ ಮಾತ್ರ ನೋಡಿದವನು. ಅವನಿಗೆ ಕಿಸೆಯೂ ಗೊತ್ತಿಲ್ಲ, ಪಿಸ್ತೂಲೂ ಗೊತ್ತಿಲ್ಲ. ಪೊಡಿಯಬ್ಬ ಕಾಕ ಓಡಿ ಬಂದು ಕಿಟಕಿಯ ಹೊರಗಿನಿಂದ ಹೇಳಿದರು, ಇಲ್ಯಾಸನನ್ನು ಹಿಡ್ಕೊಂಡು ಹೋದ್ರು ಮಾರಾಯ್ತಿ, ಕಾರಲ್ಲಿ ಪಿಸ್ತೂಲು ಸಿಕ್ಕಿತಂತೆ, ಮೀನು ಕೊಯ್ಯುವ ಕತ್ತಿ ಹಿಡೀಲಿಕ್ಕೇ ಹೆದರುವವ ಅವ, ಅವನ ಹತ್ರ ಎಂತ ಪಿಸ್ತೂಲು, ಅಂತ. ನನ್ನ ಕೈಯಲ್ಲಿ ಕತ್ತರಿ ಇತ್ತು. ನಿನ್ನ ಮದುವೆಯ ದುಪಟ್ಟಾದ ಅಂಚು ಕತ್ತರಿಸುತ್ತಿದ್ದೆ. ಹಾಗೇ ಕತ್ತರಿಸುತ್ತಾ ಹೋದೆ, ಏನೂ ಗೊತ್ತಿಲ್ಲದವಳ ಹಾಗೆ.

ಮುನೀರಾಳ ಅಣ್ಣ ಪೊಲೀಸರ ಮುಂದೆ ಏನು ಹೇಳಿದ ಗೊತ್ತುಂಟಾ? ನಮ್ಮ ಮನೆಯ ಹೆಂಗಸರು ಇಂಥದ್ದನ್ನು ಕಣ್ಣಿನಲ್ಲೂ ಕಂಡವರಲ್ಲ, ಡ್ರೈವರನೇ ಕದ್ದು ಇಟ್ಟುಕೊಂಡಿರಬೇಕು ಅಂದ. ಅವಳ ಫೋನು ಕಿತ್ತುಕೊಂಡಿದ್ದಾರೆ, ಶಾಲೆ ಬಿಡಿಸಿದ್ದಾರೆ, ಮಾಳಿಗೆಯ ಕೋಣೆಯಿಂದ ಇಳಿಯಲು ಬಿಡುವುದಿಲ್ಲವಂತೆ. ಮೊನ್ನೆ ಆ ಮನೆಯ ಕೆಲಸದವಳು ಹೊಲಿಯಲು ಕೊಟ್ಟ ಲಂಗ ಕೇಳುವ ನೆಪದಲ್ಲಿ ಬಂದು ಮಡಚಿದ ಒಂದು ಚೀಟಿ ಕೊಟ್ಟಳು. ಮುನೀರಾ ಬರೆದದ್ದು. ನಾನು ಕೂಗಿ ಹೇಳಿದರೂ ಈ ಮನೆಯ ಗೋಡೆ ದಾಟುವುದಿಲ್ಲ, ಕಿಸೆ ಹೊಲಿದವಳು ನೀನು, ನೀನಾದರೂ ಹೋಗಿ ಹೇಳು, ಇಲ್ಯಾಸ್ ನಿರಪರಾಧಿ, ಅಂತ.

ಅಂದಿನಿಂದ ನಾನು ಸರಿಯಾಗಿ ಉಂಡಿಲ್ಲ. ನಮಾಜಿಗೆ ನಿಂತರೆ ಎಷ್ಟು ರಕಾತ್ ಆಯಿತು ಎಂದು ಮರೆಯುತ್ತದೆ. ನಿನ್ನ ಮುಖ ಒಂದು ಕಡೆ, ಆ ಹುಡುಗನ ಮುಖ ಒಂದು ಕಡೆ. ಒಂಬತ್ತು ವರ್ಷ, ಸಬೀನಾ! ನಿನ್ನ ಬಾಪ ತೀರಿಹೋದಾಗ ನೀನು ಏಳನೇ ಕ್ಲಾಸು. ನಿನಗೆ ಜಡೆ ಹಾಕುವುದನ್ನು ಬಿಟ್ಟು ಬಂದು ಇಲ್ಲಿ ಊರಿನ ಹೆಂಗಸರಿಗೆಲ್ಲ ಮದುವೆ ಬಟ್ಟೆ ಹೊಲಿದೆ. ನನ್ನ ಮಗಳಿಗೆ ಒಮ್ಮೆ ನನ್ನ ಕೈಯಾರೆ ಉಡಿಸಬೇಕು ಎನ್ನುವುದು ಬಿಟ್ಟರೆ ನಾನು ಬೇರೆ ಏನೂ ಬೇಡಿದವಳಲ್ಲ. ಅದನ್ನೂ ಕೊಡದಷ್ಟು ನಾನು ಯಾರಿಗೆ ಏನು ಮಾಡಿದ್ದೆ ಎಂದು ಸಿಟ್ಟು ಬರುತ್ತದೆ. ಮುನೀರಾಳ ಮೇಲೂ ಬರುತ್ತದೆ. ಆಮೇಲೆ ನಾಚಿಕೆಯಾಗುತ್ತದೆ.

ಆದರೆ ಈಗ ತೀರ್ಮಾನ ಮಾಡಿದ್ದೇನೆ. ಅಂಥದೇ ಕಿಸೆ ಇಟ್ಟು ಹೊಲಿಯಲು ಅವಳು ಕೊಟ್ಟಿದ್ದ ಎರಡನೇ ಅಬಾಯ ನನ್ನ ಬಳಿಯೇ ಇದೆ. ಕಿಸೆ ಹಾಕಿ ಮುಗಿದಿದೆ, ಆ ಪಿಸ್ತೂಲಿನ ಅಳತೆಗೆ ಸರಿಯಾಗಿ. ಅದನ್ನು ಪೊಲೀಸರ ಮುಂದೆ ಹರಡಿದರೆ ಯಾರೂ ಸುಳ್ಳು ಎನ್ನಲಾರರು. ಭಾನುವಾರ ಬೆಳಿಗ್ಗೆ ಪೊಡಿಯಬ್ಬ ಕಾಕನನ್ನು ಕಳಿಸಿಕೊಟ್ಟು, ಅಬಾಯ ಹಿಡಿದುಕೊಂಡು ಠಾಣೆಗೆ ಹೋಗುತ್ತೇನೆ. ನಿನ್ನ ಬಟ್ಟೆ ಕಾಕನ ಪೆಟ್ಟಿಗೆಯಲ್ಲಿದೆ. ಸೊಂಟದಲ್ಲಿ ಬಿಗಿಯಾದರೆ ಒಳಗೆ ಒಂದು ಇಂಚು ಬಿಟ್ಟಿದ್ದೇನೆ, ಯಾರ ಕೈಯಲ್ಲಾದರೂ ಬಿಚ್ಚಿಸಿಕೋ. ನಿನ್ನ ನೌಶಾದನಿಗೂ ಅವನ ಮನೆಯವರಿಗೂ ಉಮ್ಮನಿಗೆ ರಜೆ ಸಿಗಲಿಲ್ಲ ಎಂದಷ್ಟೇ ಹೇಳು. ಮದುಮಗಳು ಅಳಬಾರದು, ಕಣ್ಣಿನ ಸುರುಮ ಹರಿದು ಮುಖವೆಲ್ಲ ಹಾಳಾಗುತ್ತದೆ.

ನನ್ನನ್ನು ಕ್ಷಮಿಸು ಮಗಳೇ. ನನಗಾಗಿ ದುಆ ಮಾಡು, ಇಲ್ಯಾಸನಿಗಾಗಿ ಇನ್ನೂ ಹೆಚ್ಚು ಮಾಡು.

ನಿನ್ನವಳೇ ಆದ,
ಉಮ್ಮ
(ಮೈಮೂನತ್)

ಮರುಬರಹ

ದೇರಳಕಟ್ಟೆ, ಸೋಮವಾರ, 14 ಏಪ್ರಿಲ್

ನೋಡಿದೆಯಲ್ಲ, ಈ ಕಾಗದ ಕಾಕನ ಕೈಗೆ ಹೋಗಲೇ ಇಲ್ಲ. ನಿನ್ನೆ ನಾನೇ ನಿನಗೆ ಉಡಿಸಿದೆ, ನಾನೇ ತಲೆಗೆ ಮಲ್ಲಿಗೆ ಮುಡಿಸಿದೆ. ನಾನು ಒಂದೇ ಪಿನ್ನನ್ನು ಮೂರು ಸಲ ಬೀಳಿಸಿದಾಗ, ಉಮ್ಮನಿಗೆ ಖುಷಿ ಹೆಚ್ಚಾಗಿದೆ ಎಂದು ನೀನು ಎಲ್ಲರ ಮುಂದೆ ನಕ್ಕೆ.

ಈ ಕಾಗದ ಬರೆದ ಮರುದಿನ, ಶನಿವಾರ, ಮುನೀರಾಳ ಅಣ್ಣ ಅಂಗಡಿಯ ಬಾಗಿಲಿಗೆ ಬಂದಿದ್ದ. ಬೈಯಲಿಲ್ಲ, ಬೆದರಿಸಲಿಲ್ಲ. ತಂಗಿಯ ಅಬಾಯ ಒಂದು ಇಲ್ಲಿದೆಯಂತಲ್ಲ, ಕೊಡಿ, ಮಗಳ ಮದುವೆಗೆ ಹೊರಟಿದ್ದೀರಂತೆ, ಸುಖವಾಗಿ ಹೋಗಿ ಬನ್ನಿ ಅಂದ. ಹತ್ತು ನಿಮಿಷ ಕಾಯಿರಿ, ಇಸ್ತ್ರಿ ಹಾಕಿ ಕೊಡುತ್ತೇನೆ ಎಂದು ಒಳಗೆ ಹೋದೆ. ಕಿಸೆಯ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದೆ. ಸೂಜಿಯ ತೂತು ಕೂಡ ಕಾಣದ ಹಾಗೆ ಹಬೆ ಕೊಟ್ಟು ಇಸ್ತ್ರಿ ಹಾಕಿದೆ. ನನ್ನಷ್ಟು ಚೆನ್ನಾಗಿ ಅದನ್ನು ಯಾರೂ ಮಾಡಲಾರರು. ಚೀಟಿಯನ್ನೂ ಸುಟ್ಟೆ. ಈಗ ಇಲ್ಯಾಸನ ಪರವಾಗಿ ಈ ಭೂಮಿಯ ಮೇಲೆ ಉಳಿದಿರುವುದು ಈ ಕಾಗದ ಒಂದೇ.

ಇವತ್ತು ಬೆಳಿಗ್ಗೆ ಮಗು ಎತ್ತಿಕೊಂಡು ಬಂದ ಹೆಂಗಸು ಯಾರು ಎಂದು ನೀನು ಕೇಳಿದೆ, ಅಂಗಡಿಯಲ್ಲಿ ಗುರುತಾದವಳು ಅಂದೆ. ಸುಳ್ಳು. ಅವಳು ಇಲ್ಯಾಸನ ಹೆಂಡತಿ ಫಾತಿಮತ್. ರಿಯಾದಿನಿಂದ ಯಾರೋ ಬಂದಿದ್ದಾರೆ ಎಂದು ಕೇಳಿ ಎರಡು ಬಸ್ಸು ಬದಲಿಸಿ ಬಂದಿದ್ದಾಳೆ. ನಿಮಗೆ ನನ್ನ ಗಂಡನ ವಿಷಯ ಎಂತಾದ್ರೂ ಗೊತ್ತುಂಟಾ, ಒಂದು ತಿಂಗಳಿಂದ ಫೋನಿಲ್ಲ, ಹಿಡ್ಕೊಂಡು ಹೋದ್ರು ಅಂತ ಪೊಡಿಯಬ್ಬ ಕಾಕ ಹೇಳಿದ್ದು ಬಿಟ್ರೆ ಎಂತದೂ ಗೊತ್ತಿಲ್ಲ ಅಂತ ಕೇಳಿದಳು. ಗೊತ್ತಿಲ್ಲ ಅಂದೆ. ರಿಯಾದ್ ದೊಡ್ಡ ಊರು ಅಂದೆ. ನಿನ್ನೆಯ ಬಿರಿಯಾನಿ ಬಿಸಿ ಮಾಡಿ ಬಡಿಸಿದೆ.

ನಾನು ಬಾಯಿ ತೆರೆದರೆ ಮತ್ತೆ ಸುಳ್ಳೇ ಬರುತ್ತದೆ, ನನಗೆ ನನ್ನ ಪರಿಚಯ ಆಗಿಹೋಗಿದೆ. ಅದಕ್ಕೇ ಇದನ್ನು ನಿನ್ನ ಕೈಗೆ ಕೊಡುತ್ತಿದ್ದೇನೆ. ನೀನು ಅವಳಿಗೆ ಕೊಟ್ಟರೆ, ಇದು ನನ್ನದೇ ಅಕ್ಷರ ಎಂದು ಎಲ್ಲಿ ಬೇಕಾದರೂ ಒಪ್ಪುತ್ತೇನೆ, ರಜೆ ಮುಗಿಯುವ ಮೊದಲೇ ವಾಪಸ್ ಹೋಗಿ ಹೇಳುತ್ತೇನೆ. ಕೊಡದಿದ್ದರೆ ನಾನು ಏನೂ ಕೇಳುವುದಿಲ್ಲ.

ಫಾತಿಮತ್ ಇನ್ನೂ ನಮ್ಮ ಜಗಲಿಯಲ್ಲೇ ಇದ್ದಾಳೆ, ಮಗುವನ್ನು ಮಲಗಿಸುತ್ತಿದ್ದಾಳೆ. ಐದು ಗಂಟೆಯ ಬಸ್ಸಿಗೆ ಹೊರಡುತ್ತಾಳೆ.