ಐದು ಹೊಲಗಳಲ್ಲಿ ಒಂದೇ ಬೆಳವ

ಫೆಬ್ರವರಿ ೩೦, ೨೧೮೭
ಎರೆಹೊಲದ ಸೀಮೆಯಿಂದ

ಡಿಯರ್ ಸರ್ಸ್, ಅಂದರೆ ನೂರಾರು ವರ್ಷ ಹಿಂದಿರುವ ಹಿರಿಯರೇ,

ನಮ್ಮಲ್ಲೀಗ ಫೆಬ್ರವರಿಗೂ ಮೂವತ್ತು ದಿನ. ಯಾರು ಸೇರಿಸಿದರೋ, ಅವರಿಗೇನು ಲಾಭವಿತ್ತೋ, ನನಗಂತೂ ಸಂಶಯವೇ. ಇನ್ನೂ ಕೆಲವು ಮಾತು ನಿಮಗೆ ವಿಚಿತ್ರ ಎನಿಸಿದರೆ ಕ್ಷಮೆಯಿರಲಿ.

ನಮ್ಮೂರಲ್ಲಿ ಜೋಳದ ಕೊಯ್ಲಿನಲ್ಲಿ ಹೊಲದ ಕೊನೆಯ ಸಾಲನ್ನು ಮುಟ್ಟುವುದಿಲ್ಲ. ಅದಕ್ಕೆ ‘ಬಿಟ್ಟಸಾಲು’ ಎನ್ನುತ್ತೇವೆ. ಅದರ ಬುಡದಲ್ಲಿ, ನೆಲದ ಮೇಲೆಯೇ, ನೆಲಗುಬ್ಬಿ ಗೂಡು ಕಟ್ಟುತ್ತದೆ; ಪಕ್ಕದ ಕಡಲೆಯ ಹುಳು ಆರಿಸಿ ಮರಿಗಳಿಗೆ ತಿನಿಸುತ್ತದೆ. ಆ ಭರವಸೆಯ ಮೇಲೆಯೇ ನಾವು ಔಷಧ ಹೊಡೆಯುವುದು ಬಿಟ್ಟು ಮೂರು ತಲೆಮಾರಾಯಿತು. ತೀರಿಹೋದ ನನ್ನ ಹೆಂಡತಿ ನೀಲವ್ವ ಆ ಸಾಲಿನ ಹತ್ತಿರ ಕೆಮ್ಮಲೂ ಹೆದರುತ್ತಿದ್ದಳು.

ಈಗ ಹೊಲಕ್ಕೊಂದು ‘ಎಣಿಗಣ್ಣು’ ಬಂದಿದೆ: ಕಂಬದ ತುದಿಯಲ್ಲೊಂದು ಕಣ್ಣು, ಹಕ್ಕಿ ಕಂಡರೆ ಎಣಿಸುತ್ತದೆ. ಎಣಿಕೆ ಕಡಿಮೆಯಾದರೆ ಊರ ಮುಂದೆ ಮರ್ಯಾದೆ ಹೋಗುತ್ತದಲ್ಲ, ಎಲ್ಲರೂ ಕಂಬದ ಬುಡದಲ್ಲಿ ಕಾಳಿನ ತಟ್ಟೆ ಇಟ್ಟರು. ಅಂಕಿ ಏರಿತು. ಹಕ್ಕಿ ಬೇಕಾದಷ್ಟಿವೆ, ಇನ್ನು ಬಿಟ್ಟಸಾಲು ಯಾಕೆ ಎಂದು ಹಲವರು ಆಗಲೇ ಅರ್ಧ ಕೊಯ್ದಿದ್ದಾರೆ. ಉಳಿದದ್ದನ್ನೂ ಉತ್ತುಬಿಡುವ ತೀರ್ಮಾನ ನಾಳಿನ ಊರಸಭೆಯಲ್ಲಿ. ಆದರೆ ಈ ಸಲ ಕಡಲೆಯಲ್ಲಿ ಹುಳು ಇಮ್ಮಡಿ; ಅಂಕಿ ಹೇಳುವಷ್ಟು ಹಕ್ಕಿ ನಿಜಕ್ಕೂ ಇವೆಯೇ ಎಂದು ನನಗೆ ಅನುಮಾನ. ಕಾಲೇಜಿನಲ್ಲಿ ಇಂಥ ಅನುಮಾನಕ್ಕೆ ಹೈಪೋ ಏನೋ ಅನ್ನುತ್ತಿದ್ದರು, ಮರೆತಿದೆ. ಅದರ ಮುಂದಿನದು ಪ್ರೂಫ್, ಅದು ನೆನಪಿದೆ.

ನೀಲವ್ವನ ಹಳೆಯ ಸೀರೆಯಿಂದ ಕೆಂಪು ಎಳೆಯೊಂದನ್ನು ತೆಗೆದು, ತಟ್ಟೆಗೆ ಬಂದ ಬೆಳವವನ್ನು, ಅಂದರೆ ಕಾಳು ತಿನ್ನುವ ಸಣ್ಣ ಕಾಡುಪಾರಿವಾಳವನ್ನು, ಹಿಡಿದು ಕಾಲಿಗೆ ಸಡಿಲವಾಗಿ ಕಟ್ಟಿ ಬಿಟ್ಟೆ. ಪಕ್ಕದ ಹೊಲದ ಫಕೀರವ್ವ ನಕ್ಕಳು. “ಕಾಕಾ, ಕಾಕಿ ಹೋದ ಮ್ಯಾಲೆ ಹಕ್ಕಿ ಮ್ಯಾಲೂ ಸಂಶಯ ಶುರು ಆತೇನು?”

ಸಂಜೆಯೊಳಗೆ ಆ ಕೆಂಪು ಕಾಲು ಐದು ಹೊಲದ ತಟ್ಟೆ ಸುತ್ತಿತು. ಐದೂ ಕಂಬದ ಅಂಕಿ ಒಂದೊಂದು ಏರಿತು. ಫಕೀರವ್ವನ ನಗು ನಿಂತಿತು. “ಹಂಗಾರ ನಮ್ಮ ಹೊಲದಾಗ ಖರೇ ಎಷ್ಟ ಅದಾವ?” ಅಂದಳು. ಇಬ್ಬರೂ ಮಂಡಿಯೂರಿ, ಎರಡೂ ಹೊಲದ ಬಿಟ್ಟಸಾಲು ಹುಡುಕಿದೆವು. ಒಂದೇ ಗೂಡು, ಎರಡು ಮೊಟ್ಟೆ.

ಬೆಳವಕ್ಕೆ ಕಾಳು ಸಾಕು; ಹುಳು ಬೇಕಾಗಿರುವುದು ಆ ಗೂಡಿನ ನೆಲಗುಬ್ಬಿಗೆ. ನನ್ನ ಮಾತನ್ನು ಯಾರೂ ನಂಬುವುದಿಲ್ಲವೆಂದು ನಾಳೆ ಸಭೆಯಲ್ಲಿ ಫಕೀರವ್ವನೇ ಮಾತಾಡುತ್ತಾಳಂತೆ. ಕೊನೆಗಳಿಗೆಯಲ್ಲಿ ಅವಳೂ ಜಾರಿಕೊಂಡಾಳೆಂಬ ಅನುಮಾನ ನನಗೆ ಇದ್ದೇ ಇದೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಕಾಲದಲ್ಲಿ ಗೂಡುಗಳು ಇನ್ನೂ ಬಹಳ ಇರಬೇಕು. ಒಂದು ಸಾಲು ಬಿಡಿ. ಹಕ್ಕಿಗಳು ಇವೆ ಎಂದು ಯಾರಾದರೂ ಬರೆದು ತೋರಿಸಿದರೆ ನಂಬಬೇಡಿ. ಈ ಕಾಗದವನ್ನೂ ನಂಬಬೇಡಿ. ಮಂಡಿಯೂರಿ, ಬಗ್ಗಿ ನೋಡಿ.

ಇಂತಿ,
ದ್ಯಾಮಪ್ಪ