ನಾನೇ ಉಳಿಸಿದ ಕಾಲುದಾರಿ

ಥಾರ್ನ್‌ಬೆಕ್, ಯಾರ್ಕ್‌ಷೈರ್
ನವೆಂಬರ್ 14, ಗುರುವಾರ

ಪ್ರೀತಿಯ ರೋವೆನಾ,

ಹೇಗಿದ್ದೀಯ ತಾಯಿ? ದಕ್ಷಿಣ ಧ್ರುವದ ಹಿಮದಲ್ಲಿ ಅಷ್ಟು ಜನ ವಿಜ್ಞಾನಿಗಳಿಗೆ ಅಡುಗೆ ಮಾಡಿ ಬಡಿಸುವವಳು, ನೀನು ಹೊಟ್ಟೆ ತುಂಬ ಉಣ್ಣುತ್ತೀಯೋ ಇಲ್ಲವೋ ಎಂಬುದೇ ನನ್ನ ಯೋಚನೆ. ನಿನ್ನ ಮಗಳು ಟಿಲ್ಲಿ ಗುಂಡುಕಲ್ಲಿನ ಹಾಗಿದ್ದಾಳೆ. ಹೊಸ ಶಾಲೆ ಹಿಡಿಸಿದೆ, ನಾನು ಮಾಡುವ ಓಟ್ಸ್ ಗಂಜಿಗೆ ಮಾತ್ರ ಮೂಗು ಮುರಿಯುತ್ತಾಳೆ. ನನ್ನ ಆರೋಗ್ಯದ ವಿಷಯ ಆಮೇಲೆ ಬರೆಯುತ್ತೇನೆ.

ಮೊದಲು ಬಸ್ಸಿನ ಪುರಾಣ ಕೇಳು. ಶಾಲೆ ಮೂರು ಮೈಲಿಗಿಂತ ದೂರವಿದ್ದರೆ ಮಾತ್ರ ಕೌನ್ಸಿಲ್‌ನ ಉಚಿತ ಬಸ್ಸು. ರಸ್ತೆಯಲ್ಲಿ ಹೋದರೆ ನಮಗೆ ಐದು ಮೈಲಿ. ಊರಿನ ಮಾಮೂಲಿ ಬಸ್ಸು ಹೊರಡುವುದೇ ಹತ್ತು ಗಂಟೆಗೆ. ಆದರೆ ಆ ಮಹಾನುಭಾವರು ಹೊಲಗಳ ನಡುವಿನ ಕಾಲುದಾರಿಯನ್ನು ಅಳೆದು, "ಎರಡು ಮುಕ್ಕಾಲು ಮೈಲಿ, ದೊಡ್ಡವರೊಬ್ಬರು ಜೊತೆಗಿದ್ದರೆ ಮಗು ನಡೆಯಬಹುದು, ಬಸ್ಸು ಇಲ್ಲ" ಎಂದು ಕಾಗದ ಹಾಕಿದರು. ನನಗೆ ಪಿತ್ತ ನೆತ್ತಿಗೇರಿತು. ನಾಲ್ಕು ಪುಟದ ಮೇಲ್ಮನವಿ ಬರೆದೆ. ಮೊಣಕಾಲುದ್ದ ಕೆಸರು, ತೊರೆ ದಾಟುವ ಜಾರುಗಲ್ಲುಗಳು, ಹತ್ತಿ ಇಳಿಯಬೇಕಾದ ಏಳು ಬೇಲಿಗಳು, ಯಾವುದನ್ನೂ ಬಿಡಲಿಲ್ಲ. ಆ ಹೊಲಗಳ ರೈತ ಆಲ್ಡರ್ಸನ್‌ನ ಹೋರಿಯ ಬಗ್ಗೆ ಬರೆಯುವಾಗ ಪೆನ್ನು ಸ್ವಲ್ಪ ಜೋರಾಗಿಯೇ ಓಡಿತು. ಅದು ನರಭಕ್ಷಕ ಎಂದು ಬರೆಯಲಿಲ್ಲ, ಅಷ್ಟೇ. ಪಾಪ, ಯಾರು ಸೇಬು ಕೊಟ್ಟರೂ ಕೈ ನೆಕ್ಕುವ ಪ್ರಾಣಿ ಅದು.

ಮಂಗಳವಾರ ವಿಚಾರಣೆ ಇತ್ತು. ನಿನ್ನ ಅಮ್ಮನ ಅಂತ್ಯಕ್ರಿಯೆಗೆ ಹಾಕಿದ್ದ ಕಪ್ಪು ಕೋಟು ತೊಟ್ಟು ಹೋದೆ. ಮೇಜಿನಾಚೆ ಮೂವರು ಕೌನ್ಸಿಲರುಗಳು, ನಡುವೆ ಒಂದು ತಟ್ಟೆ ಬಿಸ್ಕತ್ತು. ನಾನು ಹೋರಿಯ ಕೊಂಬಿನ ಅಳತೆಗೆ ಬಂದಿದ್ದೆ, ಅಷ್ಟರಲ್ಲಿ ಅಧ್ಯಕ್ಷೆ ಆಲರೆನ್‌ಶಾ ಹಳದಿಗಟ್ಟಿದ ಕಾಗದವೊಂದನ್ನು ತೆಗೆದರು. "ಇದು ಯಾರ ಕೈಬರಹ, ಸ್ವಲ್ಪ ಹೇಳ್ತೀರಾ?"

ನನ್ನದೇ ಕಣಮ್ಮ. ಇಪ್ಪತ್ತೆಂಟು ವರ್ಷದ ಹಿಂದೆ ಆಲ್ಡರ್ಸನ್‌ನ ಅಪ್ಪ ಆ ದಾರಿಗೆ ಮುಳ್ಳುತಂತಿ ಎಳೆದಿದ್ದ, ನೆನಪಿದೆಯಾ? ಆಗ ಊರಿನ ಕಾಲುದಾರಿಗಳ ಉಸ್ತುವಾರಿ ನನ್ನದು. ಹನ್ನೊಂದು ತಿಂಗಳು ಜಗಳವಾಡಿ ಅದನ್ನು ಸಾರ್ವಜನಿಕ ದಾರಿಯೆಂದು ಕೌನ್ಸಿಲ್‌ನ ನಕ್ಷೆಗೆ ಸೇರಿಸಿದವನು ನಾನೇ. ಆಕೆ ಕನ್ನಡಕ ಏರಿಸಿ ಎಲ್ಲರಿಗೂ ಕೇಳುವಂತೆ ಓದಿದರು: "ಈ ದಾರಿ ಎಷ್ಟು ಸುಗಮವೆಂದರೆ ನನ್ನ ಏಳು ವರ್ಷದ ಮಗಳು ಚಳಿಯೆನ್ನದೆ ಮಳೆಯೆನ್ನದೆ ಕುಣಿಯುತ್ತಾ ಹೋಗುತ್ತಾಳೆ. ಹೋರಿಯೂ ಕುರಿಯಷ್ಟು ಸಾಧು."

"ಅದು ಬೇರೆ ಹೋರಿ," ಎಂದೆ.

"ದಾರಿ?"

"ದಾರಿ ಅದೇ."

"ಹಾಗಾದ್ರೆ ಈಗ ಕೆಟ್ಟಿದ್ದೇನು, ವಿಲ್ಫ್ರೆಡ್ ಅವರೇ?" ಎಂದು ಕೇಳಿದರು. ವ್ಯಂಗ್ಯವಾಗಿ ಅಲ್ಲ, ನಿಜವಾಗಿ ತಿಳಿಯಬೇಕೆಂದು. ಒಂದು ಬಿಸ್ಕತ್ತು ತಿಂದೆ. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೂವರೂ ತಲೆ ಸೇರಿಸಿ ಗುಸುಗುಸು ಮಾತಾಡಿದರು. ಇವತ್ತು ಕಾಗದ ಬಂದಿದೆ, ಗೆದ್ದೆವು. ಸೋಮವಾರದಿಂದ ಟಿಲ್ಲಿ ಬಸ್ಸಿನಲ್ಲಿ ಹೋಗುತ್ತಾಳೆ.

ಆಲ್ಡರ್ಸನ್ ನಿನ್ನ ಕ್ಷೇಮ ವಿಚಾರಿಸಿದನೆಂದು ಬರೆಯಬೇಕಿತ್ತು, ಆದರೆ ಹೋರಿಯ ಮಾನ ಕಳೆದೆನೆಂದು ಅವನು ನನ್ನೊಡನೆ ಮಾತು ಬಿಟ್ಟಿದ್ದಾನೆ. ಬೆಚ್ಚಗಿರು ಮಗಳೇ, ಕಿವಿ ಮುಚ್ಚಿಕೊಂಡು ಓಡಾಡು. ನಿನಗೆ ಸಕಲವೂ ಒಳ್ಳೆಯದಾಗಲಿ.

ನಿನ್ನ ಅಪ್ಪ,
ವಿಲ್ಫ್ರೆಡ್

ವಿ.ಸೂ.: ಅಲ್ಲಿ ನಾನು ಹೇಳಿದ್ದೇನೆಂದು ನಿನಗೆ ಬರೆಯಲು ಇಷ್ಟು ಹೊತ್ತು ಧೈರ್ಯ ಬರಲಿಲ್ಲ. ದಾರಿ ಕೆಟ್ಟಿಲ್ಲ, ನನ್ನ ಕಣ್ಣು ಕೆಟ್ಟಿದೆ. ಇನ್ನು ಕಾರು ಓಡಿಸಕೂಡದೆಂದು ಆಗಸ್ಟ್‌ನಲ್ಲೇ ಡಾಕ್ಟರು ಹೇಳಿದರು. ತೊರೆಯ ಕಲ್ಲುಗಳೂ ಈಗ ಕಾಣುವುದಿಲ್ಲ. ನೀನು ಹೆದರಿ ಓಡಿ ಬರಬೇಡ. ಟಿಲ್ಲಿಗೂ ಇದನ್ನು ಹೇಳಿಲ್ಲ, ಆದರೆ ಎರಡು ತಿಂಗಳಿಂದ ದಿನಾ ಬೆಳಗ್ಗೆ ತೊರೆಯ ಹತ್ತಿರ ಬಂದ ಕೂಡಲೇ ಅವಳು, "ತಾತ, ನಂಗೆ ಆ ಹೋರಿ ಕಂಡ್ರೆ ಭಯ, ಕೈ ಹಿಡ್ಕೋ" ಎಂದು ನನ್ನ ಕೈ ಹಿಡಿದು ದಾಟಿಸುತ್ತಾಳೆ. ದಾಟಿದ ಮೇಲೆ ಚೀಲದಿಂದ ಸೇಬು ತೆಗೆದು ಅದೇ ಹೋರಿಗೆ ತಿನ್ನಿಸುತ್ತಾಳೆ.