ಮೂವರ ಒಪ್ಪಿಗೆ

ಮಾರ್ಚ್ ೧೨, ಬುಧವಾರ. ಶಹಾಪುರ.

‘ಒಂದು ದೀಪ ಆರಿದರೆ ಬೀದಿ ಕತ್ತಲಾಗುವುದಿಲ್ಲ.’ ಎಲ್ಲೋ ಓದಿದ ಸಾಲು ಹೀಗೇ ಇತ್ತೋ ಇಲ್ಲವೋ, ನನ್ನ ಎಂಸಿಎ ಪ್ರಾಜೆಕ್ಟಿನ ಮಟ್ಟಿಗಂತೂ ಸುಳ್ಳು. ಯಾದಗಿರಿ, ಶಹಾಪುರ, ಸುರಪುರದ ಗ್ರಂಥಾಲಯಗಳ ಮೂರು ಕಂಪ್ಯೂಟರುಗಳಲ್ಲೂ ಒಂದೇ ಪುಸ್ತಕಪಟ್ಟಿ ಇರಬೇಕು. ಒಂದು ನಿಂತರೂ ಉಳಿದೆರಡು ನಡೆಯಬೇಕು. ಇಂದು ಸುರಪುರದಲ್ಲಿ ಕರೆಂಟ್ ಹೋದದ್ದೇ ತಡ, ಮೂರೂ ಸ್ತಬ್ಧ. ಪಟ್ಟಿಯಲ್ಲಿ ಏನು ಬದಲಿಸಲೂ ಈ ಮೂವರ ಒಪ್ಪಿಗೆ ಬರುವವರೆಗೂ ಕಾಯಬೇಕೆಂದು ಪ್ರೋಗ್ರಾಮಿನಲ್ಲಿ ಬರೆದವಳು ನಾನೇ! ನಾಡಿದ್ದು ಪರೀಕ್ಷಕರ ಮುಂದೆ ತೋರಿಸಬೇಕು. ನಲವತ್ತೆಂಟನೆಯ ವಯಸ್ಸಿನಲ್ಲಿ ಫೇಲಾಗಿ ಇನ್ನೊಂದು ವರ್ಷ ಓದುವ ತಾಳ್ಮೆ ನನಗಿಲ್ಲ.

ಯಾರೋ ಕದ ತಟ್ಟಿದರು; ಸಿಟ್ಟಿನಲ್ಲೇ ಬಾಗಿಲು ತೆರೆದೆ. ಪಕ್ಕದ ಮನೆಯ ಲಾಲಮ್ಮ, ನಾಳೆ ಬಸುರಿ ಮಗಳ ಕುಬಸದ, ಅಂದರೆ ಸೀಮಂತದ, ರೊಟ್ಟಿ ಬಡಿಯಲು ಕರೆಯಬಂದಿದ್ದಳು.

“ತಡಾ ಆಗ್ತದ, ನನಗ ಕಾಯಬ್ಯಾಡ್ರಿ” ಎಂದೆ.

“ನಿಮ್ಮ ಹಾದಿ ಯಾರು ಕಾಯ್ತಾರ್ರಿ ಅಕ್ಕಾ? ಇದ್ದವರು ಬಡೀತೀವಿ. ನೀವು ಬಂದಾಗ ಎಷ್ಟಾಗ್ಯಾವ ಅಂತ ಕೇಳಿ, ಅಲ್ಲಿಂದ ಮುಂದ ಬಡೀರಿ.”

ಅವಳು ಹೋದೊಡನೆ ಪ್ರೋಗ್ರಾಮಿನಲ್ಲಿ ‘ಮೂವರು’ ಅಳಿಸಿ ‘ಇಬ್ಬರಿದ್ದರೆ ಸಾಕು, ಮೂರನೆಯವರು ಬಂದಾಗ ಕೇಳಿಕೊಳ್ಳಲಿ’ ಎಂದು ತಿದ್ದಲು ಕೂತೆ.